ದಿನಸಿ ಅಂಗಡಿಯ ಕಪ್ಪುಪಟ್ಟಿ

ಒಡೆಯರಪಾಳ್ಯದಲ್ಲಿ ನನ್ನದು ದಿನಸಿ ಅಂಗಡಿ. ಯಾವ ಸೋಪು ಗಿರಾಕಿಯ ಕಣ್ಣಿಗೆ ಬೀಳಬೇಕು, ಯಾವುದು ಮೂಲೆಗೆ ಹೋಗಬೇಕು ಎಂಬುದೆಲ್ಲ ನನ್ನ ಮರ್ಜಿ. ಈ ಮರ್ಜಿಯಿಂದಲೇ ರೇಡಿಯೊದವರ ಅನ್ನ ಕಿತ್ತುಕೊಳ್ಳಬಹುದು ಎಂದು ತೋರಿಸಿದವನು ಲಾರೆನ್ಸ್ ಜಾನ್ಸನ್. ಅವನೂ ದಿನಸಿ ವ್ಯಾಪಾರಿಯೇ, ಅಮೆರಿಕದ ಸಿರಾಕ್ಯೂಸ್ ಊರಿನ ಸೂಪರ್ ಮಾರ್ಕೆಟ್‌ಗಳ ಮಾಲೀಕ.

1950ರ ದಶಕದಲ್ಲಿ ಅಲ್ಲಿ ಕಮ್ಯುನಿಸ್ಟರೆಂದರೆ ದಿಗಿಲು. 'ಅವೇರ್' ಎಂಬ ಸಂಸ್ಥೆ ತನಗೆ ಗುಮಾನಿಯಿದ್ದ ರೇಡಿಯೊ, ಟೀವಿ ಕಲಾವಿದರ ಹೆಸರು ಅಚ್ಚು ಹಾಕಿ ಹಂಚುತ್ತಿತ್ತು. ಅಂಥವರ ಕಾರ್ಯಕ್ರಮಕ್ಕೆ ಜಾಹೀರಾತು ಕೊಟ್ಟರೆ ನಿಮ್ಮ ಸರಕಿನ ಪಕ್ಕದಲ್ಲೇ ಹಾಗೆಂದು ಬರೆದ ಬೋರ್ಡು ಇಡುತ್ತೇನೆ ಎಂದು ಜಾನ್ಸನ್ ಕಂಪನಿಗಳನ್ನು ಬೆದರಿಸುತ್ತಿದ್ದ. ಕಂಪನಿ ಹೆದರಿದರೆ ಸಾಕು, ಕಲಾವಿದನಿಗೆ ಕೆಲಸವಿಲ್ಲ.

ಸಿಬಿಎಸ್ ರೇಡಿಯೊದಲ್ಲಿ ಮಾತುಗಾರರಾಗಿದ್ದ ಜಾನ್ ಹೆನ್ರಿ ಫಾಕ್, ಕಲಾವಿದರ ಸಂಘದ ಚುನಾವಣೆಯಲ್ಲಿ 'ಅವೇರ್' ವಿರೋಧಿ ಬಣದಿಂದ ಗೆದ್ದರು. ಸರಿ, 1956ರಲ್ಲಿ ಅವರ ಮೇಲೂ ಕರಪತ್ರ ಬಂತು. 'ಅವೇರ್' ಮತ್ತು ಜಾನ್ಸನ್ ವಿರುದ್ಧ ಫಾಕ್ ಕೋರ್ಟಿಗೆ ಹೋದರು. ಮರುವರ್ಷ ಕೆಲಸವೂ ಹೋಯಿತು. 1962ರಲ್ಲಿ ಜ್ಯೂರಿ ಅವರಿಗೆ 35 ಲಕ್ಷ ಡಾಲರ್ ಪರಿಹಾರ ಹೇಳಿತು, ಮೇಲ್ಮನವಿಯಲ್ಲಿ ಅದು ಐದೂವರೆ ಲಕ್ಷಕ್ಕೆ ಇಳಿಯಿತು. ತೀರ್ಪು ಕೇಳಲು ಜಾನ್ಸನ್ ಬದುಕಿರಲಿಲ್ಲ. ಈ ಕಥೆಯ 'ಫಿಯರ್ ಆನ್ ಟ್ರಯಲ್' ಎಂಬ ಟೆಲಿಚಿತ್ರ 1975ರ ಅಕ್ಟೋಬರ್‌ನಲ್ಲಿ ಪ್ರಸಾರವಾಯಿತು. ಪ್ರಸಾರ ಮಾಡಿದ್ದು ಫಾಕ್ ಅವರನ್ನು ಹೊರಗೆ ಹಾಕಿದ್ದ ಅದೇ ಸಿಬಿಎಸ್! ಫಾಕ್ ಆಗಿ ವಿಲಿಯಂ ಡಿವೇನ್, ವಕೀಲ ಲೂಯಿ ನೈಜರ್ ಆಗಿ ಜಾರ್ಜ್ ಸಿ. ಸ್ಕಾಟ್ ನಟಿಸಿದ್ದರು. ಕೋರ್ಟಿನಲ್ಲಿ ಫಾಕ್ ಪರ ಸಾಕ್ಷಿ ಹೇಳಿದ್ದ ನಿರ್ಮಾಪಕ ಡೇವಿಡ್ ಸಸ್ಕಿಂಡ್, ಚಿತ್ರದಲ್ಲೂ ತಾವೇ ಬಂದು ಸಾಕ್ಷಿ ನುಡಿದರು.

ಆಗ ನಮ್ಮಲ್ಲಿ ತುರ್ತು ಪರಿಸ್ಥಿತಿ. ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಹಕರಿಸಲಿಲ್ಲವೆಂದು 1976ರ ಮೇ ತಿಂಗಳಲ್ಲಿ ಕಿಶೋರ್ ಕುಮಾರ್ ಹಾಡುಗಳನ್ನು ಆಕಾಶವಾಣಿ, ದೂರದರ್ಶನಗಳಲ್ಲಿ ನಿಲ್ಲಿಸಲಾಯಿತು. 'ಕುಳ್ಳ ಏಜೆಂಟ್ 000' ಚಿತ್ರದಲ್ಲಿ ದ್ವಾರಕೀಶ್‌ಗೆ ಕನ್ನಡದಲ್ಲಿ ಹಾಡಿದ ಅದೇ ಕಿಶೋರ್. ಅವರ ಗ್ರಾಮಫೋನ್ ತಟ್ಟೆಗಳ ಮಾರಾಟಕ್ಕೂ ತಡೆ ಹಾಕಲು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೊರಟಿದ್ದು ಮುಂದೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. ಅಂದರೆ ದೆಹಲಿಯವರಿಗೂ ಕೊನೆಗೆ ಅಂಗಡಿಯೇ ಬೇಕಾಯಿತು.

ನಮ್ಮೂರ ಟಿಬೆಟನ್ ಕ್ಯಾಂಪಿನ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಈ ಕಥೆಗಳನ್ನು ಹೇಳಿದಾಗ ಅವರಲ್ಲೊಬ್ಬ ಮೈದಾ ಕಟ್ಟಿಸಿಕೊಳ್ಳುತ್ತ, "ಅಣ್ಣಾ, ಇದು ಹಳೇ ಕಾಲದ್ದೇನಲ್ಲ" ಅಂದ. 2021ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಎನೆಸ್ ಕಾಂಟರ್ ಟಿಬೆಟ್ ಪರ ಮಾತಾಡಿದ್ದೇ ತಡ, ಚೀನಾದ ಟೆನ್ಸೆಂಟ್ ಕಂಪನಿ ಆ ತಂಡದ ಪಂದ್ಯಗಳನ್ನೇ ತೋರಿಸದೆ ನಿಲ್ಲಿಸಿತು. ಮಾತಾಡಿದ್ದು ಒಬ್ಬ, ಮಾಯವಾಗಿದ್ದು ಇಡೀ ತಂಡ.

ಸರ್ಕಾರದ ಆಜ್ಞೆಗೆ ಕಡತ ಇರುತ್ತದೆ, ಒಂದಲ್ಲ ಒಂದು ದಿನ ಆಯೋಗದ ಮುಂದೆ ಬರುತ್ತದೆ. ವ್ಯಾಪಾರಿಯ ಅಂಜಿಕೆಗೆ ರಸೀದಿ ಇರುವುದಿಲ್ಲ. ಅದನ್ನು ಸಾಬೀತು ಮಾಡಲು ಫಾಕ್ ಆರು ವರ್ಷ ಕೋರ್ಟು ಅಲೆದರು. ಅದಕ್ಕೇ ಪರಿಚಿತ ದನಿಯೊಂದು ಏಕಾಏಕಿ ನಿಂತುಹೋದರೆ, ನಿಲ್ಲಿಸಿದ್ದು ಯಾರು ಎಂಬಷ್ಟಕ್ಕೇ ಸುಮ್ಮನಾಗಬಾರದು. ಯಾರ ವ್ಯಾಪಾರಕ್ಕೆ ಹೆದರಿ ನಿಲ್ಲಿಸಿದರು ಎಂದೂ ಕೇಳಬೇಕು.