ರಾಗಿಯ ಗೌರವ

ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಉಳ್ಳವರ ಅನ್ನವಾದ ಅಕ್ಕಿ, ಬಡವರ ಆಹಾರವಾದ ರಾಗಿಯನ್ನು ಹೀನಾಯವಾಗಿ ಕಾಣುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಕೊನೆಗೆ ಅಕ್ಕಿ ಸತ್ತ್ವಗುಂದುತ್ತದೆ. ರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೊಲಗಳಲ್ಲಿ ಕೂಲಿ ಮಾಡಿದವರ ಮಕ್ಕಳು ಓದಿ, ನೌಕರಿ ಹಿಡಿದು ಪಟ್ಟಣ ಸೇರುವುದು ಸಂತೋಷದ ಸಂಗತಿ. ಮೇಲೇರುವುದು ಪಾಪವಲ್ಲ. ಆದರೆ ಗೆಳೆಯರೆದುರು ತಂದೆಯ ಕಸುಬನ್ನು ಹೇಳಲು ನಾಚುವ ಮಗನು ತನ್ನನ್ನು ಬೆಳೆಸಿದ ಬೆವರನ್ನೇ ನಿರಾಕರಿಸುತ್ತಾನೆ.

ನಜರೇತಿನ ಜನರು ಬಡಗಿಯೆಂದು ಯೇಸುಸ್ವಾಮಿಯನ್ನು ತಿರಸ್ಕರಿಸಿದರು. ಧರ್ಮಸಭೆಯಾದರೋ ಆ ಕಸುಬನ್ನೇ ಗೌರವಿಸಿತು: 1955ರಲ್ಲಿ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಯೌವನದಲ್ಲಿ ಕಲ್ಲುಗಣಿಯಲ್ಲಿ ದುಡಿದ ಎರಡನೆಯ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ, ದುಡಿಮೆಯ ಘನತೆಗೆ ದುಡಿಯುವ ಮನುಷ್ಯನೇ ಆಧಾರ, ಕೆಲಸದ ಬಗೆಯಲ್ಲ ಎಂದು ಬೋಧಿಸಿದರು.

ಹಾಗೆಂದು ಹಿಂದಿನ ಬಡತನವನ್ನು ಆಭರಣದಂತೆ ತೊಟ್ಟು ಮೆರೆಯುವುದೂ ಸಲ್ಲದು. ಕೂಲಿಯವನ ಮಗನೆಂದು ಸಭೆಯಲ್ಲಿ ಹೇಳಿಕೊಂಡು, ಮನೆಗೆ ಬಂದ ಆಳಿನ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿಯುವವನ ಹೆಮ್ಮೆ ಬರಿಯ ಪೊಳ್ಳು. ನಾವು ಪಡೆದ ಅನುಕೂಲವು ನಮ್ಮ ಸಾಮರ್ಥ್ಯದ ಫಲ ಮಾತ್ರವಲ್ಲ; ಅನೇಕರಿಗೆ ತೀರಿಸಬೇಕಾದ ಋಣ. ಆಳಿಗೆ ಸಂಜೆಯೇ ಪೂರ್ಣ ಕೂಲಿ ಕೊಡುವುದು, ನೆರೆಯ ಬಡ ಮಗುವಿನ ಓದಿಗೆ ಆಸರೆಯಾಗುವುದು, ಅತಿಥಿಗಳ ಮುಂದೆ ತಂದೆತಾಯಿಯನ್ನು ಮೊದಲು ಕೂರಿಸುವುದು ಆ ಋಣ ತೀರಿಸುವ ದಾರಿ.

ಪಾಲಕರೇ, ನೀವು ಪಟ್ಟ ಪಾಡನ್ನು ಮಕ್ಕಳಿಂದ ಮರೆಮಾಡದಿರಿ. ರಾತ್ರಿಯ ಕುಟುಂಬ ಪ್ರಾರ್ಥನೆಯ ಬಳಿಕ, ಅಜ್ಜ ಯಾರ ಹೊಲದಲ್ಲಿ ದುಡಿದರೆಂಬುದನ್ನು ಅವರಿಗೆ ತಿಳಿಸಿರಿ.