ಮೂಗಿನ ಮಾತು: ಒಂದೇ ಹೆಸರು, ಎರಡು ದೋಷ

ನೆಗಡಿಯಾದವರು ಮೂಗಿನಲ್ಲಿ ಮಾತಾಡುತ್ತಾರೆ ಎನ್ನುತ್ತೇವೆ. ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿನ ಮಾತಿಗೂ ಅದೇ ಹೆಸರು ಕೊಡುತ್ತೇವೆ. ಭೌತವಿಜ್ಞಾನದ ದೃಷ್ಟಿಯಿಂದ ಇವೆರಡೂ ಪರಸ್ಪರ ವಿರುದ್ಧವಾದ ದೋಷಗಳು. ಮೊದಲನೆಯದರಲ್ಲಿ ಧ್ವನಿಯು ಮೂಗಿಗೆ ಹೋಗಬೇಕಾದಾಗ ಹೋಗುವುದಿಲ್ಲ. ಎರಡನೆಯದರಲ್ಲಿ ಹೋಗಬಾರದಾಗಲೂ ಹೋಗುತ್ತದೆ.

ಮೂಗನ್ನು ಬೆರಳುಗಳಿಂದ ಒತ್ತಿ ಹಿಡಿದು 'ಅಮ್ಮ' ಎಂದು ಹೇಳಿ ನೋಡಿ. 'ಅಬ್ಬ' ಎಂದು ಕೇಳಿಸುತ್ತದೆ. ಬ ಮತ್ತು ಮ ಎರಡಕ್ಕೂ ತುಟಿಗಳು ಮುಚ್ಚಬೇಕು. ವ್ಯತ್ಯಾಸವಿರುವುದು ಅಂಗುಳದ ಹಿಂಭಾಗದಲ್ಲಿರುವ ಮೆತ್ತನೆಯ ಸ್ನಾಯುಪದರದಲ್ಲಿ, ಅಂದರೆ ಮೃದು ಅಂಗುಳದಲ್ಲಿ. ಅದು ಮೇಲೆದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಂಡರೆ ಮೂಗಿನ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ನಮ್ಮ ವರ್ಗೀಯ ವ್ಯಂಜನಗಳ ಮೂರನೆಯ ಮತ್ತು ಐದನೆಯ ಅಕ್ಷರಗಳ ಜೋಡಿಗಳೆಲ್ಲ (ಗ-ಙ, ಜ-ಞ, ಡ-ಣ, ದ-ನ, ಬ-ಮ) ಮುಖ್ಯವಾಗಿ ಈ ಕದದ ಆಟವೇ. ವರ್ಣಮಾಲೆಯನ್ನು ಜೋಡಿಸಿದವರ ಕಿವಿ ಎಷ್ಟು ಸೂಕ್ಷ್ಮವಾಗಿತ್ತು!

ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ದಾರಿ ವಯಸ್ಕರಲ್ಲಿ ಸುಮಾರು 17 ಸೆಂ.ಮೀ. ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಪಿಯುಸಿಯಲ್ಲಿ ಕಲಿತ ಸೂತ್ರದಂತೆ ಅದರ ಅನುರಣನ ಆವೃತ್ತಿಗಳು ಸರಿಸುಮಾರು 500, 1500, 2500 ಹರ್ಟ್ಸ್. ಈ ಕೊಳವೆಗೆ ಮೂಗೆಂಬ ಕವಲು ಕೂಡಿಕೊಂಡರೆ ಕೆಲವು ಆವೃತ್ತಿಗಳ ಶಕ್ತಿಯನ್ನು ಆ ಕವಲು ನುಂಗಿಹಾಕುತ್ತದೆ. ಮೂಗಿನೊಳಗಿನ ಒದ್ದೆ, ಮೆದು ಗೋಡೆಗಳು ಕಂಪನವನ್ನು ಕುಗ್ಗಿಸುತ್ತವೆ. ಸ್ವರಗಳು ಮಂಕಾಗುತ್ತವೆ.

ಮೃದು ಅಂಗುಳ ಮುಚ್ಚದ ಮಗುವಿನಲ್ಲಿ ಆ ಗಿಂತ ಇ, ಉ ಸ್ವರಗಳೇ ಹೆಚ್ಚು ಮೂಗಿನಲ್ಲಿ ಕೇಳಿಸುತ್ತವೆ. ಇದೇಕೆ? ಸಮಾಂತರ ಮಂಡಲವನ್ನು ನೆನಪಿಸಿಕೊಳ್ಳಿ. ಇ, ಉ ಗಳಲ್ಲಿ ಬಾಯಿಯ ದಾರಿ ಕಿರಿದು, ರೋಧ ಹೆಚ್ಚು. ಆದ್ದರಿಂದ ಹೆಚ್ಚಿನ ಪಾಲು ಮೂಗಿನ ಕವಲಿಗೆ ಹರಿಯುತ್ತದೆ. ವ್ಯಂಜನಗಳ ಕಷ್ಟ ಇನ್ನೂ ದೊಡ್ಡದು. ಪ, ಟ, ಕ, ಸ ಗಳಿಗೆ ಬಾಯಲ್ಲಿ ನೀರಿನ ಕಂಬದ ಲೆಕ್ಕದಲ್ಲಿ 5-6 ಸೆಂ.ಮೀ. ಒತ್ತಡ ಬೇಕು. ಕೇವಲ 5 ಮಿ.ಮೀ. ವ್ಯಾಸದ ಸಂದು ಉಳಿದರೂ ಅದು ಕುಸಿಯುತ್ತದೆ. ಆಗ ಮಗು ಗಾಳಿಯನ್ನು ಗಂಟಲಲ್ಲೇ ತಡೆದು ಅಕ್ಷರ ಹುಟ್ಟಿಸಲು ಕಲಿಯುತ್ತದೆ. ಶಸ್ತ್ರಕ್ರಿಯೆಯಾದ ಮೇಲೂ ಈ ಅಭ್ಯಾಸ ತಾನಾಗಿ ಬಿಡುವುದಿಲ್ಲ. ವಾಕ್ ಚಿಕಿತ್ಸೆಯೇ ಬೇಕು. ಬಲೂನು ಊದಿಸುವುದರಿಂದ ಪ್ರಯೋಜನವಿಲ್ಲ. ಊದುವಾಗ ಅಂಗುಳ ಕೆಲಸ ಮಾಡುವ ರೀತಿ ಬೇರೆ, ಮಾತಿನಲ್ಲಿ ಬೇರೆ.

ಎರಡು ದೋಷಗಳನ್ನು ತರಗತಿಯಲ್ಲೇ ಸ್ಥೂಲವಾಗಿ ಗುರುತಿಸಬಹುದು. 'ತಾತ ಪೇಟೆಗೆ ಬಸ್ಸು ಹತ್ತಿದರು' ಎಂಬುದರಲ್ಲಿ ಒಂದೂ ಅನುನಾಸಿಕವಿಲ್ಲ. ಇದನ್ನು ಮೂಗು ಬಿಟ್ಟು ಒಮ್ಮೆ, ಹಿಡಿದು ಒಮ್ಮೆ ಹೇಳಿಸಿ. ಧ್ವನಿ ಎದ್ದು ಕಾಣುವಂತೆ ಬದಲಾದರೆ ಗಾಳಿ ಮೂಗಿಗೆ ಸೋರುತ್ತಿದೆ. 'ನಮ್ಮಮ್ಮನ ಮನೆ' ಎಂಬುದು ಮೂಗು ಹಿಡಿದರೂ ಬದಲಾಗದಿದ್ದರೆ ಮೂಗು ಮೊದಲೇ ಕಟ್ಟಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದನ್ನು ಉಪಕರಣದಿಂದ ಅಳೆಯುತ್ತಾರೆ: ಮೂಗು-ಬಾಯಿಗಳ ನಡುವೆ ಒಂದು ತಟ್ಟೆ, ಮೇಲೊಂದು ಕೆಳಗೊಂದು ಮೈಕ್, ಒಟ್ಟು ಧ್ವನಿಯಲ್ಲಿ ಮೂಗಿನ ಪಾಲು ಶೇಕಡಾ ಎಷ್ಟೆಂಬ ಲೆಕ್ಕ.

ಈ ವ್ಯತ್ಯಾಸ ಬರಿಯ ಪಾಂಡಿತ್ಯವಲ್ಲ. ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್ ಗಡ್ಡೆ ದಾರಿ ಕಟ್ಟಿದ್ದರೆ ಅದನ್ನು ತೆಗೆಸಿದಾಗ ಮಾತು ತಿಳಿಯಾಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಅಂಗುಳದ ಸ್ನಾಯು ಸೀಳಿದ್ದರೂ ಮೇಲಿನ ಪೊರೆ ಕೂಡಿಕೊಂಡಿರುತ್ತದೆ. ಬಾಯಿ ತೆರೆದರೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಅಂಥವರಲ್ಲಿ ಗಿಡ್ಡ ಅಂಗುಳ ಆ ಗಡ್ಡೆಗೇ ತಾಗಿ ದಾರಿ ಮುಚ್ಚುತ್ತಿರಬಹುದು. ಗಡ್ಡೆ ತೆಗೆದರೆ ಕದಕ್ಕೆ ಚೌಕಟ್ಟೇ ಇಲ್ಲದಂತಾಗಿ ಮಾತು ಪೂರಾ ಮೂಗಿಗೆ ತಿರುಗುತ್ತದೆ. ತುದಿ ಎರಡಾಗಿ ಸೀಳಿದ ಕಿರುನಾಲಗೆ ಇದರ ಒಂದು ಸುಳಿವು. ಹಾಗೆ ಕಂಡರೆ ಶಸ್ತ್ರಕ್ರಿಯೆಗೆ ಮೊದಲೇ ವೈದ್ಯರ ಗಮನಕ್ಕೆ ತರಬೇಕು.