ಲೆಕ್ಕ ಕಲಿಯುವವರಿಗೆ ನಮ್ಮೂರಲ್ಲೇ ಸ್ಟೈಪೆಂಡ್ ಸಿಗುತ್ತದೆಯೇ?

ಪ್ರಶ್ನೆ: ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಸಂಬಳ ಕೊಟ್ಟು ಕೆಲಸ ಕಲಿಸುವವರು ಚಿಕ್ಕೋಡಿ, ರಾಯಬಾಗ ಕಡೆ ಇರುತ್ತಾರೆಯೇ?

ಉತ್ತರ: ಕಾನೂನಿನಲ್ಲಿ ದಾರಿ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಾದ ತಿದ್ದುಪಡಿಯಿಂದ ಬಿ.ಕಾಂ. ಮುಗಿಸಿದವರೂ ಅಪ್ರೆಂಟಿಸ್ ಆಗಬಹುದು. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ಅವರ ಇಷ್ಟ. 2019ರ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂ. ನಿಗದಿಪಡಿಸಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ (ನ್ಯಾಟ್ಸ್) ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರವೇ ಭರಿಸುತ್ತದೆ. ಹೀಗಾಗಿ ಮಾಲೀಕರಿಗೂ ಹೊರೆ ಕಡಿಮೆ.

ಎಲ್ಲಿ ಕೇಳಬೇಕು? ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಕಾಗವಾಡ ತಾಲ್ಲೂಕಿನ ಉಗಾರ ಸಕ್ಕರೆ ಕಾರ್ಖಾನೆಗಳಲ್ಲಿ, ಪತ್ತಿನ ಸಹಕಾರಿಗಳಲ್ಲಿ ವಿಚಾರಿಸಿ. ಕಾರ್ಖಾನೆಯ ಲೆಕ್ಕ ವಿಭಾಗದಷ್ಟು ಒಳ್ಳೆಯ ಪಾಠಶಾಲೆ ಅಪರೂಪ. ತೂಕದ ಚೀಟಿ ನೋಡಿ ರೈತನ ಬಿಲ್ ಮಾಡಬೇಕು, ಸೊಸೈಟಿ ಸಾಲದ ಕಂತು ಮುರಿಯಬೇಕು, ಉಳಿದದ್ದನ್ನು ಖಾತೆಗೆ ಹಾಕಬೇಕು. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕೆಂಬುದು ಕಾನೂನು. ಒಂದು ಅಂಕಿ ತಪ್ಪಿದರೆ ಒಂದು ಮನೆಗೇ ತೊಂದರೆ ಎಂಬುದು ಅಲ್ಲಿ ಮನದಟ್ಟಾಗುತ್ತದೆ.

ಮಗಳು ಸಿ.ಎ. ಓದುವುದಾದರೆ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್ ಎಂಬ ಕಡ್ಡಾಯ ತರಬೇತಿ. 2023ರ ಹೊಸ ಪದ್ಧತಿಯಲ್ಲಿ ಅದು ಎರಡು ವರ್ಷ. ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. ಸಣ್ಣ ಊರಲ್ಲಿ ಕಡಿಮೆ.

ಯಾವ ದಾರಿಯಾದರೂ ಕರಾರು ನೋಂದಣಿಯಾಗಲಿ, ಹಣ ಬ್ಯಾಂಕ್ ಖಾತೆಗೇ ಬರಲಿ. ಮಾಲೀಕರಲ್ಲಿ ನನ್ನದೊಂದು ವಿನಂತಿ: ಮಕ್ಕಳನ್ನು ಜೆರಾಕ್ಸ್ ಮಾಡಿಸಲಿಕ್ಕಷ್ಟೇ ಇಟ್ಟುಕೊಳ್ಳಬೇಡಿ, ಲೆಡ್ಜರ್ ಕೈಗೆ ಕೊಡಿ.